ಬಡಿಸುವವರಿಗೂ ಮಿತಿ ಇರಲಿ

ಮಾನ್ಯ ಸಂಪಾದಕರೇ,

ದೀಪಾವಳಿಯ ಅಮಾವಾಸ್ಯೆಗೆ ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ಅನೇಕ ಮನೆಗಳಲ್ಲಿ ಕೇದಾರೇಶ್ವರನ ನೋಮು ನಡೆಯುತ್ತದೆ. ದಿನವಿಡೀ ಉಪವಾಸವಿದ್ದು, 21 ಕಜ್ಜಾಯಗಳನ್ನು ನೈವೇದ್ಯಕ್ಕಿಟ್ಟು, ನೋಮುದಾರ ಕಟ್ಟಿಕೊಂಡ ಮೇಲೆಯೇ ಊಟ. ವ್ರತದ ಬಗ್ಗೆ ನನ್ನದು ಯಾವ ತಕರಾರೂ ಇಲ್ಲ. ತಕರಾರಿರುವುದು ವ್ರತ ಮುಗಿದ ಮೇಲಿನ ಊಟದ ಬಗ್ಗೆ.

ರಾತ್ರಿ ಎಲೆಯ ಮುಂದೆ ಕುಳಿತವರಿಗೆ ಕಜ್ಜಾಯ, ಒಬ್ಬಟ್ಟು, ಪಾಯಸ, ವಡೆ, ಚಿತ್ರಾನ್ನ ಒಂದರ ಹಿಂದೊಂದು ಬರುತ್ತವೆ. ಹಸಿದವರು ಸಹಜವಾಗಿಯೇ ಬೇಗಬೇಗ ಉಣ್ಣುತ್ತಾರೆ. ಹೊಟ್ಟೆ ತುಂಬಿದ್ದು ಮಿದುಳಿಗೆ ಅರಿವಾಗಲು ಸುಮಾರು 20 ನಿಮಿಷ ಬೇಕೆಂದು ವೈದ್ಯರು ಹೇಳುತ್ತಾರೆ, ಆದರೆ ಅಷ್ಟರೊಳಗೆ ಬಡಿಸುವವರು ಎರಡು ಸುತ್ತು ಬಂದು ಹೋಗಿರುತ್ತಾರೆ. ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಸುರಿಯುತ್ತಾರೆ, ಅದಕ್ಕೆ ನಾವು ಉಪಚಾರವೆಂದು ಹೆಸರಿಟ್ಟಿದ್ದೇವೆ. ಮಿತವಾಗಿ ತಿನ್ನಿರೆಂದು ಉಣ್ಣುವವರಿಗೆ ಹೇಳುವವರು ಬೇಕಾದಷ್ಟಿದ್ದಾರೆ. ಬಡಿಸುವವರಿಗೆ ಹೇಳುವವರು ಕಾಣದ್ದರಿಂದ ಈ ಪತ್ರ.

ನಾನು ರೇಷ್ಮೆ ಹುಳು ಮೇಯಿಸುವ ಮನೆಯಲ್ಲಿ ಬೆಳೆದವಳು. ಆ ಹುಳುವಿನಂಥ ಹೊಟ್ಟೆಬಾಕನನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಆದರೂ ಗೂಡು ಕಟ್ಟುವ ಮುನ್ನ ಅದು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ; ತಲೆಯೆತ್ತಿ, ಅಲುಗದೆ, ಸೊಪ್ಪು ಮುಟ್ಟದೆ ಇದ್ದು ಪೊರೆ ಕಳಚುತ್ತದೆ. ಆ ಹೊತ್ತಿನಲ್ಲಿ ಸೊಪ್ಪು ಹಾಕಹೋದರೆ ನಮ್ಮ ತಂದೆಯವರು ಗದರುತ್ತಿದ್ದರು. ಹುಳುವಿಗೆ ಬೇಡವಾದಾಗ ಕೈ ತಡೆಯಬೇಕೆಂದು ಬಲ್ಲ ಅದೇ ಮನೆಯಲ್ಲಿ, ಬೀಗರು ಬೇಡವೆಂದಾಗ ಮಾತ್ರ ಯಾರೂ ಕೈ ತಡೆಯುತ್ತಿರಲಿಲ್ಲ.

ಇದು ಅಜೀರ್ಣದಲ್ಲಿ ಮುಗಿಯುವ ಮಾತಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ನಮ್ಮ ಯಜಮಾನರೂ ಈ ಲೆಕ್ಕಕ್ಕೆ ಸೇರಿದವರು. ಮಾತ್ರೆ ನುಂಗುವವರು ಹಗಲೆಲ್ಲ ಉಪವಾಸವಿದ್ದರೆ ಸಕ್ಕರೆ ಅಂಶ ಕುಸಿಯುವ ಭಯ, ರಾತ್ರಿ ಸಿಹಿಯೂಟ ಉಂಡರೆ ಒಮ್ಮೆಲೇ ಏರುವ ಭಯ. ಆದ್ದರಿಂದ ವ್ರತ ಹಿಡಿಯುವ ಮೊದಲೇ ವೈದ್ಯರನ್ನು ಕೇಳಿಕೊಳ್ಳುವುದು ಕ್ಷೇಮ. "ಬೆಲ್ಲದ್ದು, ಏನೂ ಆಗೋಲ್ಲ" ಎನ್ನುವ ಸಮಾಧಾನವಂತೂ ಪೂರ್ತಿ ಸುಳ್ಳು. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ, ಎಂದರೆ ಆರು ಟೀ ಚಮಚದೊಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಬೆಲ್ಲವೂ ಆ ಲೆಕ್ಕದೊಳಗಿನದೇ. ನಮ್ಮ ಮನೆಯಲ್ಲಿ ಒಂದು ಸೇರು ಅಕ್ಕಿಗೆ ಮುಕ್ಕಾಲು ಸೇರು ಬೆಲ್ಲ ಹಾಕುತ್ತೇವೆ; ದೊಡ್ಡ ಕಜ್ಜಾಯ ಎರಡು ತಿಂದರೆ ದಿನದ ಪಾಲು ಹೆಚ್ಚುಕಡಿಮೆ ಮುಗಿದಂತೆ.

ಅಷ್ಟಕ್ಕೂ ಕಜ್ಜಾಯ ಮಾಡಿದ ರಾತ್ರಿಯೇ ತಿಂದು ಮುಗಿಸಬೇಕಾದ ತಿಂಡಿಯೇ ಅಲ್ಲ. ಬಾಣಲೆಯಿಂದ ತೆಗೆದು, ಒತ್ತಿ ಎಣ್ಣೆ ಇಳಿಸಿ, ಆರಿದ ಮೇಲೆ ಡಬ್ಬಿಗೆ ಹಾಕಿದರೆ ಹದಿನೈದು ದಿನ ಇರುತ್ತದೆ, ಮೂರನೆಯ ದಿನಕ್ಕೆ ರುಚಿಯೂ ಹೆಚ್ಚುತ್ತದೆ. ಅಜ್ಜಿ ಡಬ್ಬಿಯನ್ನು ಅಟ್ಟದ ಮೇಲಿಟ್ಟು ದಿನಕ್ಕೊಂದು ಮಾತ್ರ ಕೈಗೆ ಕೊಡುತ್ತಿದ್ದರು. ಈಗ ಅಂಗಡಿಯ ಸಿಹಿಯ ಪೆಟ್ಟಿಗೆಗಳೂ ಜೊತೆಗೇ ಬಂದು ಬೀಳುವುದರಿಂದ ಎಲ್ಲವನ್ನೂ ಬೇಗ ಖಾಲಿ ಮಾಡುವ ಅವಸರ.

ಕಳೆದ ವರ್ಷ ನಾವು ಮೊದಲು ಕೋಸಂಬರಿ, ಪಲ್ಯ ಬಡಿಸಿ, ಎಲೆಗೆ ಅರ್ಧ ಕಜ್ಜಾಯವಿಟ್ಟು, ಬೇಕಾದವರು ಕೇಳಿ ಹಾಕಿಸಿಕೊಳ್ಳಲಿ ಎಂದು ಸುಮ್ಮನಾದೆವು. ಉಳಿದದ್ದನ್ನು ಪೊಟ್ಟಣ ಕಟ್ಟಿ ಹೊರಡುವಾಗ ಕೊಟ್ಟೆವು. ಕೈ ಬಿಗಿಯಾಯಿತೆಂದು ದೊಡ್ಡಮ್ಮನವರು ಎಲ್ಲರೆದುರಿಗೇ ಗೊಣಗಿದರು. ವಾರದ ಮೇಲೆ ಅವರೇ ಫೋನು ಮಾಡಿ, ಪೊಟ್ಟಣದಲ್ಲಿ ಇನ್ನೆರಡು ಉಳಿದಿವೆ, ಈ ಸಲ ಪಾಕ ಚೆನ್ನಾಗಿ ಬಂದಿದೆ ಎಂದರು.

– ನಿವೃತ್ತ ಶಿಕ್ಷಕಿ, ಶಿಡ್ಲಘಟ್ಟ