ಮಗಳು ನಡೆದು ಶಾಲೆ ಸೇರಿದ್ದಾಳೆ: ನೆರವಾದವರಿಗೆ ನಮ್ಮ ವಂದನೆ

ಅವಧಿಗೆ ಮುನ್ನವೇ ಹುಟ್ಟಿ, ಸೆರೆಬ್ರಲ್ ಪಾಲ್ಸಿಯಿಂದ (ಎಳವೆಯಲ್ಲೇ ಮೆದುಳಿಗಾದ ಹಾನಿಯಿಂದ ಚಲನೆಗೆ ಬರುವ ತೊಂದರೆ) ಎರಡೂ ಕಾಲುಗಳು ಬಿಗಿದುಕೊಂಡಿದ್ದ ನಮ್ಮ ಮಗಳು ಈ ಜೂನ್‌ನಲ್ಲಿ ವಾಕರ್ ಹಿಡಿದು ತಾನೇ ನಡೆದು, ಸಕಲೇಶಪುರ ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಸೇರಿದ್ದಾಳೆ. ಇದಕ್ಕೆ ಕಾರಣರಾದವರನ್ನು ಎಲ್ಲರೆದುರು ನೆನೆಯುವುದು ನಮ್ಮ ಕರ್ತವ್ಯ.

ಮೊದಲ ವಂದನೆ ನಮ್ಮ ಅಂಗನವಾಡಿ ಕಾರ್ಯಕರ್ತೆಗೆ. ಕೆಲವು ಮಕ್ಕಳು ತಡವಾಗಿ ನಡೆಯುತ್ತಾರೆಂದು ಬಂಧುಗಳೆಲ್ಲ ಸಮಾಧಾನ ಹೇಳುತ್ತಿದ್ದಾಗ, ಮಗು ತುದಿಗಾಲಿನಲ್ಲೇ ನಿಲ್ಲುವುದನ್ನೂ ಎತ್ತಿಕೊಂಡರೆ ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುವುದನ್ನೂ ಗಮನಿಸಿ, ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸಿ, ನಮ್ಮನ್ನು ಹಾಸನಕ್ಕೆ ಕಳುಹಿಸಿದವರು ಅವರು.

ಅಲ್ಲಿನ ಫಿಸಿಯೋಥೆರಪಿಸ್ಟ್ ಅವರ ಋಣ ದೊಡ್ಡದು. ಮೆದುಳಿಗೆ ಆಗಿರುವ ಹಾನಿಯನ್ನು ಅಳಿಸಲಾಗದು, ಆದರೆ ಮಗು ಕಲಿಯುವುದಕ್ಕೆ ಅದು ತಡೆಯಲ್ಲ ಎಂದು ಅವರು ಮೊದಲೇ ಬಿಡಿಸಿ ಹೇಳಿದರು. ಇನ್ನೊಬ್ಬರು ಮಲಗಿಸಿ ಕೈಕಾಲು ಎಳೆಯುವುದಕ್ಕಿಂತ, ಮಗು ತಾನು ಬಯಸಿದ ಕೆಲಸವನ್ನು ತಾನೇ ಮತ್ತೆ ಮತ್ತೆ ಮಾಡಿ ಕಲಿಯುವುದೇ ಇಂದಿನ ಚಿಕಿತ್ಸೆಯ ತಿರುಳು ಎಂಬುದು ನಮಗೆ ಅವರಿಂದ ತಿಳಿಯಿತು. ಏನು ಬೇಕೆಂದು ಅವರು ಕೇಳಿದ್ದು ನಮ್ಮನ್ನಲ್ಲ, ಮಗಳನ್ನು. ಜಗಲಿಯಿಂದ ಅಂಗಳಕ್ಕಿಳಿದು ಕರುವಿನ ಬಳಿ ಹೋಗಬೇಕು ಎಂದಳು. ಅಂದಿನಿಂದ ಜಗಲಿಯ ಮೆಟ್ಟಿಲೇ ಅವಳ ವ್ಯಾಯಾಮಶಾಲೆಯಾಯಿತು. ಪಕ್ಕದ ಮನೆಯ ಬಡಗಿಯಣ್ಣ ಅವಳ ಎತ್ತರಕ್ಕೆ ಸರಿಯಾಗಿ ಅಲ್ಲೊಂದು ಹಿಡಿಕಂಬಿ ಕೂರಿಸಿಕೊಟ್ಟರು, ಕೂಲಿ ಮುಟ್ಟಲಿಲ್ಲ.

ಮೀನಖಂಡಕ್ಕೆ ಬೊಟ್ಯುಲಿನಮ್ ಟಾಕ್ಸಿನ್ ಚುಚ್ಚುಮದ್ದು ಕೊಟ್ಟ ವೈದ್ಯರು, ನರ ಸ್ನಾಯುವಿಗೆ ಕೊಡುವ ಸಂಕೇತವನ್ನು ಅದು ಸಾಮಾನ್ಯವಾಗಿ 3-4 ತಿಂಗಳು ತಗ್ಗಿಸಿ ಬಿಗಿತವನ್ನು ಸಡಿಲಿಸುತ್ತದೆಯೇ ಹೊರತು ತಾನಾಗಿ ನಡೆಸುವುದಿಲ್ಲ, ಆ ಅವಧಿಯಲ್ಲಿ ಅಭ್ಯಾಸ ತಪ್ಪಿಸಬೇಡಿ ಎಂದು ಎಚ್ಚರಿಸಿದ್ದರು. ಪಾದದ ಅಚ್ಚು ತೆಗೆದು ಮಾಡಿದ ಸ್ಪ್ಲಿಂಟ್ (ಪಾದವನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಆಸರೆ) ಹಾಕಿದ ಮೇಲೆ ಹಿಮ್ಮಡಿ ನೆಲ ಮುಟ್ಟಿತು. ಸೊಂಟದ ಕೀಲು ಜಾರುತ್ತಿದೆಯೇ ಎಂದು ಆಗಾಗ ಎಕ್ಸ್‌ರೇ ತೆಗೆಸಿ ನೋಡುವುದನ್ನೂ ಅವರು ಮರೆಯುವುದಿಲ್ಲ. ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಆಕರ ಕೋಶ) ಚಿಕಿತ್ಸೆಗೆಂದು ನಾವು ಕಾಫಿ ತೋಟವನ್ನು ಅಡವಿಡಲು ಹೊರಟಾಗ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಸೆರೆಬ್ರಲ್ ಪಾಲ್ಸಿಗೆ ಅದು ಒಪ್ಪಿತ ಚಿಕಿತ್ಸೆಯಲ್ಲವೆಂದು ಕೂರಿಸಿ ವಿವರಿಸಿ ತಡೆದದ್ದು ಅವರ ಇನ್ನೊಂದು ಉಪಕಾರ.

ಇಳಿಯುವವರೆಗೂ ಬಸ್ ನಿಲ್ಲಿಸಿಕೊಂಡ ಕಂಡಕ್ಟರ್‌ಗಳಿಗೂ, ಶಾಲೆಯ ಬಾಗಿಲಿಗೆ ಇಳಿಜಾರು ಕಟ್ಟಿಸಿದ ಮುಖ್ಯೋಪಾಧ್ಯಾಯರಿಗೂ ನಮ್ಮ ನಮನ. ಸುತ್ತಮುತ್ತಲ ಊರುಗಳಲ್ಲಿ ಇಂಥ ಮಗುವಿರುವ ತಂದೆತಾಯಿಯರು ಸಂಕೋಚವಿಲ್ಲದೆ ನಮ್ಮ ಮನೆಗೆ ಬರಬಹುದು. ಆ ಹಿಡಿಕಂಬಿಯನ್ನೂ ಸ್ಪ್ಲಿಂಟನ್ನೂ ತೋರಿಸುತ್ತೇವೆ, ಬೇಕೆಂದರೆ ಹಾಸನಕ್ಕೂ ಜೊತೆಗೆ ಬರುತ್ತೇವೆ.