ಪೀಣ್ಯದ ಕೆಲಸವನ್ನೇ ಹಿಡಿ

ರಾಜಾಜಿನಗರ, ಬೆಂಗಳೂರು

ಚಿ. ಮೇಘನಾಳಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಎರಡು ಆಫರ್ ಲೆಟರ್ ಕಳಿಸಿ ಯಾವುದನ್ನು ಹಿಡಿಯಲಿ ಅಂತ ಕೇಳಿದ್ದೀಯ. ಎಐ ಬಂದ ಮೇಲೆ ಕಂಪನಿಯ ಸಿಬ್ಬಂದಿಯನ್ನು ನೋಡಿಕೊಳ್ಳೋ ಎಚ್‌ಆರ್ ಅನ್ನೋ ಕೆಲಸವೇ ಉಳಿಯುತ್ತಾ ಅಂತ ಇನ್ನೊಂದು ಪ್ರಶ್ನೆ. ಎರಡಕ್ಕೂ ನನ್ನ ಉತ್ತರ ಒಂದೇ: ಔಟರ್ ರಿಂಗ್ ರೋಡಿನ ರಿಕ್ರೂಟರ್ ಕೆಲಸ ಬಿಡು, ಪೀಣ್ಯ ಎರಡನೇ ಹಂತದ ಕಾರ್ಖಾನೆಯ ಎಚ್‌ಆರ್ ಕೆಲಸ ಹಿಡಿ. ತಿಂಗಳಿಗೆ ನಾಲ್ಕು ಸಾವಿರ ಕಡಿಮೆ, ಎಸಿ ಕ್ಯಾಬಿನ್ ಇಲ್ಲ, ಗೊತ್ತು. ಆದರೂ ಎರಡು ವರ್ಷ ಅಲ್ಲಿರು.

ರಿಕ್ರೂಟರ್ ದಿನವಿಡೀ ಮಾಡೋದೇನು? ಪೋರ್ಟಲ್‌ನಲ್ಲಿ ರೆಸ್ಯೂಮೆ ಹುಡುಕೋದು, ಫೋನ್ ಮಾಡಿ ನೋಟಿಸ್ ಪೀರಿಯಡ್ ಕೇಳೋದು, ಇಂಟರ್‌ವ್ಯೂಗೆ ಹೊತ್ತು ಗೊತ್ತುಮಾಡೋದು, ಮೇಲ್ ಕಳಿಸೋದು. ಈ ನಾಲ್ಕನ್ನೂ ಸಾಫ್ಟ್‌ವೇರ್ ಈಗಲೇ ಮಾಡ್ತಿದೆ. ಚೆನ್ನಾಗಿ ಮಾಡುತ್ತಾ ಅನ್ನೋದು ಬೇರೆ ಮಾತು. ಅಮೆಜಾನ್ ಪ್ರಯೋಗಕ್ಕೆ ಅಂತ ಮಾಡಿಕೊಂಡಿದ್ದ ರೆಸ್ಯೂಮೆ ಜರಡಿಯೊಂದು ಹೆಂಗಸರ ಅರ್ಜಿಗಳಿಗೆ ಅಂಕ ಇಳಿಸುತ್ತಿತ್ತು ಅನ್ನೋದು 2018ರಲ್ಲಿ ಹೊರಬಂತು. ಹಿಂದಿನ ಹತ್ತು ವರ್ಷದ ಅರ್ಜಿಗಳನ್ನು ಅದಕ್ಕೆ ಕಲಿಸಿದ್ದರು. ಅವುಗಳಲ್ಲಿ ಹೆಚ್ಚಿನವು ಗಂಡಸರವು, ಅದು ಕಲಿತದ್ದೂ ಅದನ್ನೇ. ಹಾಗಾಗಿ ಜರಡಿ ಹಿಡಿದ ಮೇಲೆ ಕೆಳಗೆ ಬಿದ್ದದ್ದನ್ನು ನೋಡೋ ಕಣ್ಣು ಬೇಕೇ ಬೇಕು. ಆದರೆ ಅದಕ್ಕೆ ಹತ್ತು ಜನ ಬೇಡ, ಒಬ್ಬರು ಸಾಕು. ಆ ಒಬ್ಬರು ನೀನಾಗಬೇಕಾದರೆ ಕೆಲಸ ಅಂದರೆ ಏನು ಅಂತ ಶಾಪ್ ಫ್ಲೋರ್‌ನಲ್ಲಿ ನೋಡಿರಬೇಕು.

ನಮ್ಮ ಕಸುಬು ಹುಟ್ಟಿದ್ದೂ ಅಲ್ಲೇ. 1948ರ ಕಾರ್ಖಾನೆ ಕಾಯ್ದೆ 500 ಜನ ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕು ಅಂದಿತು. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದವರು ಆ ಬಾಗಿಲಿಂದ ಒಳಗೆ ಬಂದರು. ಆಮೇಲೆ ಅದು ಪರ್ಸನಲ್ ಡಿಪಾರ್ಟ್‌ಮೆಂಟ್ ಆಯಿತು, ಎಚ್‌ಆರ್ ಆಯಿತು, ಈಗ ಏನೇನೋ ಹೆಸರು. 2025ರ ನವೆಂಬರ್ 21ಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು 29 ಹಳೇ ಕಾನೂನುಗಳ ಜಾಗಕ್ಕೆ ಬಂದವಲ್ಲ, ಅದರಲ್ಲಿ ಕಲ್ಯಾಣಾಧಿಕಾರಿಗೆ ಬೇಕಾದ ಸಂಖ್ಯೆ 500ರಿಂದ 250ಕ್ಕೆ ಇಳಿದಿದೆ. ಎಚ್‌ಆರ್ ಮುಗೀತು ಅನ್ನುವವರು ಈ ಸಾಲು ಓದಿಲ್ಲ.

ಸೇರಿದ ಮೊದಲ ವಾರ ನಿನ್ನ ಕೈಯಾರೆ ಮಾಡಬೇಕಾದ್ದು ಒಂದೇ ಒಂದು: ಒಂದು ಪೇಸ್ಲಿಪ್ ಲೆಕ್ಕ. ಸಾಫ್ಟ್‌ವೇರ್ ಇದೆ ಅಂತ ಬಿಡಬೇಡ, ಕಾಗದದ ಮೇಲೆ ಮಾಡು. ಲೆಕ್ಕ ಸುಲಭವಾಗಲಿ ಅಂತ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000, ಬೇರೆ ಭತ್ಯೆ ಇಲ್ಲ ಅಂತಿಟ್ಟುಕೋ. ಪಿಎಫ್, ಅಂದರೆ ಭವಿಷ್ಯ ನಿಧಿ, ಶೇ 12: 1,800. ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆ, ಶೇ 0.75: 112.50, ಮೇಲಕ್ಕೆ ಸರಿಪಡಿಸಿ 113. ಸಂಬಳ 25,000ದ ಒಳಗಿರುವುದರಿಂದ ವೃತ್ತಿ ತೆರಿಗೆ ಇಲ್ಲ. ಕೈಗೆ 13,087. ಕಂಪನಿ ತನ್ನ ಕಡೆಯಿಂದ ಇನ್ನೊಂದು 1,800 ಪಿಎಫ್ ಕಟ್ಟುತ್ತದೆ. ಅದರಲ್ಲಿ ಶೇ 8.33, ಅಂದರೆ 1,250 ಪಿಂಚಣಿಗೆ, ಉಳಿದ 550 ಪಿಎಫ್ ಖಾತೆಗೆ. ಇಎಸ್‌ಐಗೆ ಕಂಪನಿಯದು ಶೇ 3.25. ‘ನಂದು 1,800 ಹೋಗಿದೆ, ಕಂಪನಿದು 550 ಮಾತ್ರ ತೋರಿಸ್ತಿದೆ, ಮಿಕ್ಕಿದ್ದು ಯಾರು ತಿಂದರು’ ಅಂತ ಪಾಸ್‌ಬುಕ್ ಹಿಡಿದು ಬರುವವರು ಪ್ರತಿ ತಿಂಗಳೂ ಇರುತ್ತಾರೆ. ‘ಸಿಸ್ಟಮ್‌ನಲ್ಲಿ ಹಾಗೇ ಬರುತ್ತೆ’ ಅಂದೆಯೋ, ಅಲ್ಲಿಗೆ ನಿನ್ನ ಮೇಲಿನ ನಂಬಿಕೆ ಹೋಯಿತು. 1,250 ಎಲ್ಲಿಗೆ ಹೋಯಿತು ಅಂತ ಎರಡು ನಿಮಿಷ ಕೂರಿಸಿ ತೋರಿಸಿದರೆ ಆ ಮನುಷ್ಯ ಮುಂದಿನ ಸಲ ಜಗಳಕ್ಕೆ ಮುಂಚೆ ನಿನ್ನ ಹತ್ತಿರ ಬರುತ್ತಾನೆ.

ಇನ್ನು ಗೈರುಹಾಜರಿ ಮತ್ತು ಓಟಿ, ಅಂದರೆ ಹೆಚ್ಚುವರಿ ಗಂಟೆಯ ಕೆಲಸ. ಜಗಳದ ಬೇರು ಇರೋದು ಇಲ್ಲೇ. ಒಂದು ದಿನ ಬರದಿದ್ದರೆ 15,000ವನ್ನು 30ರಿಂದ ಭಾಗಿಸಿದರೆ 500 ಕಡಿತ, ವಾರದ ರಜೆ ಕಳೆದು 26ರಿಂದ ಭಾಗಿಸಿದರೆ 577. ಓಟಿಗೆ ದುಪ್ಪಟ್ಟು ದರ: 26 ದಿನ, 8 ಗಂಟೆಯ ಲೆಕ್ಕದಲ್ಲಿ ಗಂಟೆಗೆ 144 ರೂಪಾಯಿ 23 ಪೈಸೆ, 30ರ ಲೆಕ್ಕದಲ್ಲಿ ಬರೀ 125. ಕತ್ತರಿಸುವಾಗ 26, ಕೊಡುವಾಗ 30 ಅಂತ ಎರಡು ಕೋಲಿಟ್ಟು ಅಳೆಯುವ ಕಡೆಗಳಿವೆ. ಯಾರೋ ಹಿಂದೆ ಸಾಫ್ಟ್‌ವೇರ್‌ನಲ್ಲಿ ಹಾಗೆ ತುಂಬಿಟ್ಟು ಹೋಗಿರುತ್ತಾರೆ, ಆಮೇಲೆ ಯಾರೂ ತೆರೆದು ನೋಡಿರುವುದಿಲ್ಲ. ಸೇರಿದ ತಕ್ಷಣ ಈ ಎರಡು ಭಾಜಕ ಯಾವುವು ಅಂತ ನೋಡು. ಬೇರೆ ಬೇರೆ ಇದ್ದರೆ ಮ್ಯಾನೇಜರ್‌ಗೆ ಬಾಯಲ್ಲಿ ಹೇಳಬೇಡ, ಬರೆದು ಕೊಡು.

ಇದೆಲ್ಲ ಚಿಲ್ಲರೆ ಲೆಕ್ಕ ಅನ್ನಿಸಿದರೆ ನರಸಾಪುರ ನೆನಪಿಸಿಕೋ. 2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರ ಜಿಲ್ಲೆಯ ಆ ಐಫೋನ್ ಕಾರ್ಖಾನೆಯಲ್ಲಿ ಸಿಟ್ಟಿಗೆದ್ದ ಕೆಲಸಗಾರರು ಗಾಜು ಪುಡಿಮಾಡಿದರು, ಗಾಡಿಗಳನ್ನು ಮಗುಚಿ ಹಾಕಿದರು. ಸರ್ಕಾರದ ಕಾರ್ಖಾನೆಗಳ ಇಲಾಖೆ ಆಮೇಲೆ ವರದಿಯಲ್ಲಿ ಬರೆದದ್ದು ದೊಡ್ಡ ಸಿದ್ಧಾಂತವನ್ನಲ್ಲ: ಕೆಲವೇ ತಿಂಗಳಲ್ಲಿ ಜನ ಹತ್ತು ಸಾವಿರ ದಾಟಿದ್ದರು, ಪಾಳಿ 8 ಗಂಟೆಯಿಂದ 12 ಗಂಟೆಗೆ ಬದಲಾಗಿತ್ತು, ಅದರಿಂದ ಸಂಬಳದ ಲೆಕ್ಕ ಹೇಗೆ ಬದಲಾಗುತ್ತದೆ ಅಂತ ಕೆಲಸಗಾರರಿಗೆ ಸರಿಯಾಗಿ ತಿಳಿಸಿರಲಿಲ್ಲ, ಹಾಜರಿ ಯಂತ್ರ ಕೆಟ್ಟಿತ್ತು, ಕಾರ್ಮಿಕ ಕಾನೂನು ಬಲ್ಲ ಎಚ್‌ಆರ್ ಜನ ಸಾಲದಿದ್ದರು. ಹಾಜರಿ ತಪ್ಪಿದರೆ ಓಟಿ ತಪ್ಪುತ್ತದೆ, ಓಟಿ ತಪ್ಪಿದರೆ ಸಂಬಳ. ಅದಕ್ಕೇ ಸಂಬಳದ ದಿನಕ್ಕೆ ಐದು ದಿನ ಮುಂಚೆ ಹಾಜರಿ ಪಟ್ಟಿಯನ್ನು ಲೈನ್‌ವಾರು ಅಂಟಿಸು. ಹೆಸರು, ಬಂದ ದಿನ, ಓಟಿ ಗಂಟೆ, ಇಷ್ಟು ಸಾಕು. ತಪ್ಪಿದ್ದರೆ ಎರಡು ದಿನದೊಳಗೆ ಹೇಳಿ ಅಂತ ಕೆಳಗೆ ಬರೆ. ಪಂಚ್ ಬೀಳದಿದ್ದರೆ ಸೂಪರ್‌ವೈಸರ್ ಸಹಿ ಹಾಕಿದ ಚೀಟಿ ಸಾಕು ಅನ್ನುವುದನ್ನೂ ಬರೆ. ಬಂದ ತಪ್ಪನ್ನು ಸಂಬಳ ಹಾಕೋ ಮೊದಲೇ ತಿದ್ದು, ‘ಮುಂದಿನ ತಿಂಗಳು ಅರಿಯರ್ಸ್‌ನಲ್ಲಿ ಬರುತ್ತೆ’ ಅನ್ನುವ ಮಾತೇ ಬೇಡ.

ಬರೆಯೋದು ಅಂದೆನಲ್ಲ, ಕನ್ನಡದಲ್ಲಿ ಬರೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ಬಿಡಿಸಿಕೊಳ್ಳುವಂತಿಲ್ಲ ಅಂತ ನಿಯಮ ಮಾಡಿತು. ಏಪ್ರಿಲ್ 18, 19ರಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದು ಹೊಸೂರು ರಸ್ತೆ, ತುಮಕೂರು ರಸ್ತೆ ನಿಲ್ಲಿಸಿದರು. 19ಕ್ಕೆ ನಿಯಮ ವಾಪಸ್. ಅವರ ಸಿಟ್ಟು ನ್ಯಾಯವಾದದ್ದೇ. ಕೆಲಸ ಬಿಟ್ಟಾಗ, ಮಗಳ ಮದುವೆಗೆ, ಫೀಸಿಗೆ ಅವರ ಕೈಗೆ ಬರುವ ಗಂಟು ಅದೊಂದೇ. ಅಂಥ ನಿಯಮವೊಂದು ಬಂದಾಗ ಅದು ಏನು, ಯಾರಿಗೆ, ಯಾವಾಗಿಂದ ಅಂತ ಮೊದಲು ತಿಳಿಯಬೇಕಾದ್ದು ನಿನ್ನ ನೋಟಿಸ್ ಬೋರ್ಡಿನಿಂದ. ಬಸ್ಸಿನಲ್ಲಿ ಹಬ್ಬುವ ಮಾತಿನಿಂದ ಅಲ್ಲ. ಒಂದು ಪುಟ, ದೊಡ್ಡ ಅಕ್ಷರ, ಒಂದು ಅಂಕಿ ಸಮೇತ ಉದಾಹರಣೆ, ಕೆಳಗೆ ಯಾರನ್ನು ಕೇಳಬೇಕು ಅಂತ ಹೆಸರು. ಇಂಗ್ಲಿಷ್ ಸರ್ಕ್ಯುಲರನ್ನು ಯಂತ್ರಕ್ಕೆ ಹಾಕಿ ತೆಗೆದ ಕನ್ನಡ ಅಂಟಿಸಬೇಡ. ‘ನಿರ್ಗಮನ ದಿನಾಂಕ’ ಅಂದರೆ ಯಾರಿಗೂ ತಿಳಿಯೋಲ್ಲ, ‘ಕೆಲಸ ಬಿಟ್ಟ ತಾರೀಖು’ ಅಂದರೆ ತಿಳಿಯುತ್ತೆ.

ಆ ಕೆಲಸ ಬಿಟ್ಟ ತಾರೀಖಿನದ್ದೇ ದೊಡ್ಡ ಗೋಳು. ಕಂಪನಿ ಅದನ್ನು ಪಿಎಫ್ ಪೋರ್ಟಲ್‌ನಲ್ಲಿ ತುಂಬದಿದ್ದರೆ ಹುಡುಗನ ಪಿಎಫ್ ವರ್ಗಾವಣೆಯೂ ಆಗೋಲ್ಲ, ಬಿಡಿಸೋಕೂ ಆಗೋಲ್ಲ. ಕೊನೇ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಅವನೇ ತುಂಬಿಕೊಳ್ಳಬಹುದು, ಆದರೆ ಅದು ಎಷ್ಟು ಜನಕ್ಕೆ ಗೊತ್ತು? ಹೆಸರಿನದ್ದು ಇನ್ನೊಂದು. ಲಕ್ಷ್ಮಮ್ಮನ ಹೆಸರಿಗೆ ಆಧಾರ್‌ನಲ್ಲಿ ಕೆ-ಎಸ್-ಎಚ್, ಪಿಎಫ್‌ನಲ್ಲಿ ಎಕ್ಸ್. ಮಂಜುನಾಥನ ಇನಿಷಿಯಲ್ ಒಂದು ಕಡೆ ಹಿಂದೆ, ಒಂದು ಕಡೆ ಮುಂದೆ. ಇದನ್ನು ಬಿಡುವ ದಿನ ನೋಡಿದರೆ ತಿಂಗಳುಗಟ್ಟಲೆ ಅಲೆದಾಟ, ಸೇರುವ ದಿನ ನೋಡಿದರೆ ಹತ್ತು ನಿಮಿಷ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಳೇ ಯುಎಎನ್ (ಪಿಎಫ್‌ನ ಕಾಯಂ ಖಾತೆ ಸಂಖ್ಯೆ) ಮೂರನ್ನೂ ಎದುರಿಗಿಟ್ಟು ಅಕ್ಷರ ಅಕ್ಷರ ಹೊಂದಿಸಿ ನೋಡು. ಹಳೇ ಯುಎಎನ್ ಇದ್ದರೆ ಹೊಸದು ಹುಟ್ಟಿಸಬೇಡ.

ಇಎಸ್‌ಐ ವಿಚಾರ ಚಿಕ್ಕದಾಗಿ ಹೇಳ್ತೀನಿ. ಜನ ಅದನ್ನು ಆಸ್ಪತ್ರೆ ಚೀಟಿ ಅಂತಷ್ಟೇ ತಿಳಿದಿರುತ್ತಾರೆ. ಆರು ತಿಂಗಳ ಅವಧಿಯಲ್ಲಿ 78 ದಿನದ ಕಂತು ಬಿದ್ದಿದ್ದರೆ ಕಾಯಿಲೆ ರಜೆಗೆ ಸರಾಸರಿ ಕೂಲಿಯ ಶೇ 70ರಷ್ಟು ಹಣ ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಬೇಕು. ಜ್ವರ ಬಂದು ಹತ್ತು ದಿನ ಮಲಗಿದವಳ ಪೇಸ್ಲಿಪ್‌ನಲ್ಲಿ ಹತ್ತು ದಿನ ಕಡಿತ ಹಾಕಿ ಸುಮ್ಮನಾಗಬೇಡ, ಇದನ್ನು ಹೇಳಿ ಕಳಿಸು. ಆ ಹಣ ಅವಳದ್ದು.

ಹೊಸ ಸಂಹಿತೆಯಲ್ಲಿ ನೀನು ಬಾಯಿಪಾಠ ಮಾಡಬೇಕಾದ್ದು ‘ವೇತನ’ದ ಅರ್ಥ. ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ್ದಷ್ಟೂ ವೇತನಕ್ಕೇ ಸೇರುತ್ತದೆ. ಒಟ್ಟು 20,000ದಲ್ಲಿ ಬೇಸಿಕ್ 7,000 ತೋರಿಸಿ ಮಿಕ್ಕ 13,000 ಭತ್ಯೆ ಅಂತ ಬರೆದರೆ, 3,000 ವಾಪಸ್ ಬಂದು ವೇತನ 10,000 ಆಗುತ್ತದೆ. ಏಳು ವರ್ಷ ದುಡಿದವನ ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡಿಗಂಟು, ಲೆಕ್ಕ ಹಾಕು: ವೇತನ ಗುಣಿಸು 15, ಭಾಗಿಸು 26, ಗುಣಿಸು ಏಳು. ಹಳೇ ಬೇಸಿಕ್‌ನಲ್ಲಿ 28,269, ಈಗ 40,385. ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷಕ್ಕೇ ಗ್ರ್ಯಾಚುಟಿ. ಕೆಲಸ ಬಿಟ್ಟವರ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು. ಬಾಕಿ ಏನೂ ಇಲ್ಲ ಅಂತ ಸಹಿ ಹಾಕಿಸುವ ನೋ-ಡ್ಯೂಸ್ ಫಾರಂ ಹಿಡಿದು ಸ್ಟೋರ್ಸ್, ಕ್ಯಾಂಟೀನ್, ಐಟಿ ಅಂತ 45 ದಿನ ಸುತ್ತಿಸುವ ಪದ್ಧತಿಯಲ್ಲಿ ಇದು ಆಗದ ಮಾತು. ರಾಜೀನಾಮೆ ಬಂದ ದಿನವೇ ನೋ-ಡ್ಯೂಸ್ ಶುರುಮಾಡು, ಕೊನೇ ದಿನ ಉಳಿದಿರಬೇಕಾದ್ದು ಐಡಿ ಕಾರ್ಡ್ ಒಂದೇ.

ಇನ್ನೊಂದು ಕೆಲಸ ಇದೆ, ಯಂತ್ರ ಅರ್ಧ ಮಾಡಿ ಕೈಕೊಡುವಂಥದ್ದು: ಶಿಸ್ತಿನ ವಿಚಾರಣೆ. ಆರೋಪ ಪತ್ರವನ್ನು ಎಐ ಅರ್ಧ ನಿಮಿಷದಲ್ಲಿ ಬರೆದು ಕೊಡುತ್ತದೆ, ಓದೋಕೆ ಗಂಭೀರವಾಗಿಯೂ ಇರುತ್ತದೆ. ಆದರೆ ನಿಮ್ಮ ಸ್ಥಾಯಿ ಆದೇಶದಲ್ಲಿ (ಕಾರ್ಖಾನೆಯ ಸೇವಾ ನಿಯಮಗಳಲ್ಲಿ) ಇಲ್ಲದ ಕಲಮನ್ನು ಉಲ್ಲೇಖಿಸಿರಬಹುದು. ‘ಅನುಚಿತವಾಗಿ ವರ್ತಿಸಿದ್ದೀರಿ’ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದಿರುತ್ತದೆ. ಯಾವ ತಾರೀಖು, ಎಷ್ಟು ಹೊತ್ತಿಗೆ, ಯಾವ ಮಷಿನ್ ಹತ್ತಿರ, ಯಾರ ಎದುರು, ಆಡಿದ ಮಾತು ಏನು, ಇವು ಆರೋಪ ಪತ್ರದಲ್ಲಿ ಇರಬೇಕು, ಅವನಿಗೆ ಬರುವ ಭಾಷೆಯಲ್ಲಿ ಇರಬೇಕು. ದೂರು ಕೊಟ್ಟವರೇ ವಿಚಾರಣಾಧಿಕಾರಿ ಆಗಬಾರದು. ಸಾಕ್ಷಿಯನ್ನು ಅವನು ಪಾಟೀಸವಾಲು ಮಾಡಲಿ, ಪ್ರತಿ ದಿನದ ನಡಾವಳಿಗೆ ಸಹಿ ತಗೊಂಡು ಒಂದು ಪ್ರತಿ ಅವನಿಗೂ ಕೊಡು. ಅಮಾನತಿನಲ್ಲಿಟ್ಟಿದ್ದರೆ ಮೊದಲ 90 ದಿನ ಅರ್ಧ ವೇತನ ಜೀವನಾಧಾರ ಭತ್ಯೆ ಅಂತ ಕೊಡಲೇಬೇಕು. ಇದರಲ್ಲಿ ಒಂದು ತಪ್ಪಿದರೂ ವರ್ಷಗಳಾದ ಮೇಲೆ ಲೇಬರ್ ಕೋರ್ಟಿನಲ್ಲಿ ವಿಚಾರಣೆಯೇ ಬಿದ್ದುಹೋಗಬಹುದು, ನಿಜವಾಗಿ ತಪ್ಪು ಮಾಡಿದವನೂ ಗೆದ್ದು ಬರಬಹುದು.

ಲೈಂಗಿಕ ಕಿರುಕುಳದ ದೂರು ಬಂದರೆ ಈ ದಾರಿ ಹಿಡಿಯಬೇಡ, ಅದು ಆಂತರಿಕ ಸಮಿತಿಗೆ. ಅಧ್ಯಕ್ಷೆ ಹಿರಿಯ ಹೆಂಗಸಾಗಿರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು, 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಅವಳ ಹೆಸರು ಕ್ಯಾಂಟೀನಿಗೆ ಹೋಗಬಾರದು. ಸಮಿತಿ ಕಾಗದದ ಮೇಲಿದೆಯೋ ನಿಜವಾಗಿ ಇದೆಯೋ ತಿಳಿಯಬೇಕಾದರೆ ಹೊರಗಿನ ಸದಸ್ಯರಿಗೆ ನೀನೇ ಒಂದು ಫೋನ್ ಮಾಡಿ ನೋಡು.

ಎಐ ಬೇಡ ಅಂತ ನಾನು ಹೇಳ್ತಿಲ್ಲ. ರಜೆ ಬಾಕಿ ಎಷ್ಟು ಅನ್ನೋ ದಿನಕ್ಕೆ ನಲವತ್ತು ಪ್ರಶ್ನೆಗೆ ಅದೇ ಉತ್ತರಿಸಲಿ. ಆದರೆ ಯಾರದೇ ಆಧಾರ್ ನಂಬರ್, ಕಾಯಿಲೆ ವಿವರ, ಸಂಬಳದ ಶೀಟ್ ಹೊರಗಿನ ಚಾಟ್‌ಬಾಟ್‌ಗೆ ಹಾಕಬೇಡ, 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಹಾಕಬಾರದು. ಊಟ ತರುವ ಹುಡುಗರು, ಕ್ಯಾಬ್ ಓಡಿಸುವವರಂಥ ಆ್ಯಪ್ ಕೆಲಸಗಾರರಿಗೆ ಅಂತ ಕರ್ನಾಟಕ 2025ರಲ್ಲಿ ಮಾಡಿದ ಗಿಗ್ ಕಾರ್ಮಿಕರ ಕಾಯ್ದೆಯನ್ನೂ ಓದಿಟ್ಟುಕೋ. ಅವರನ್ನು ತೆಗೆಯಬೇಕಾದರೆ ಕಾರಣ ಕೊಟ್ಟು 14 ದಿನದ ನೋಟಿಸ್ ಕೊಡಬೇಕು, ಆ್ಯಪ್ ರಾತ್ರೋರಾತ್ರಿ ಐಡಿ ಬಂದ್ ಮಾಡಿ ಕೂರುವಂತಿಲ್ಲ. ಹತ್ತು ವರ್ಷದಲ್ಲಿ ಎಚ್‌ಆರ್‌ಗೆ ಅತಿ ಹೆಚ್ಚು ಕೆಲಸ ಬರುವುದು ಅಲ್ಲಿಂದಲೇ ಅಂತ ನನ್ನ ಲೆಕ್ಕ.

ನಿನ್ನ ಪೀಣ್ಯದ ಆಫರ್ ಲೆಟರನ್ನೇ ಮತ್ತೆ ನೋಡಿದೆ. ಬೇಸಿಕ್ ಶೇ 40 ಅಂತ ಹಾಕಿದ್ದಾರೆ, ಮಿಕ್ಕಿದ್ದೆಲ್ಲ ಭತ್ಯೆ. ಸೇರುವ ಮುಂಚೆ ಅದನ್ನೇ ಮೊದಲ ಪ್ರಶ್ನೆಯಾಗಿ ಕೇಳು, ಜಗಳದ ದನಿಯಲ್ಲಲ್ಲ, ಹೊಸ ಲೆಕ್ಕದಲ್ಲಿ ಪಿಎಫ್ ಎಷ್ಟಾಗುತ್ತೆ ಅಂತ. ನಿನ್ನ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ವರ್ಷಕ್ಕೆ 2,500 ದಾಟಬಾರದು ಅಂತ ಸಂವಿಧಾನದಲ್ಲೇ ಇದೆ. ಆ ತಿಂಗಳು ನೂರು ರೂಪಾಯಿ ಯಾಕೆ ಹೆಚ್ಚು ಕಟ್ಟಾಯಿತು ಅಂತ ಆಫೀಸಿನವರೆಲ್ಲ ನಿನ್ನನ್ನೇ ಕೇಳುತ್ತಾರೆ, ಜನವರಿಯಲ್ಲೇ ನೋಟಿಸ್ ಹಾಕಿಬಿಡು. ಭಾನುವಾರ ಬರುವಾಗ ಇಂಟರ್ನ್‌ಶಿಪ್‌ನಲ್ಲಿ ಮಾಡಿಸಿದ ಯುಎಎನ್ ನಂಬರ್ ತಾ. ಅದರಲ್ಲಿ ನಿನ್ನ ಹೆಸರು ಹೇಗಿದೆ ನೋಡೋಣ.

ಇಂತಿ,
ನಿನ್ನ ಚಿಕ್ಕಪ್ಪ