ಹಳೆಯ ಸೇನಾ ಟ್ರಕ್ಕಿನ ಏರ್ ಹಾರ್ನ್ ಕೂಗದಿದ್ದರೆ

ಮಾನ್ಯರೇ,

ಹಳೆಯ ಸೇನಾ ಟ್ರಕ್ಕುಗಳನ್ನು ಜತನದಿಂದ ಉಳಿಸಿಕೊಂಡವರೂ ಹಾರ್ನ್ ಕೆಟ್ಟೊಡನೆ ಅದನ್ನು ಕಿತ್ತೆಸೆಯುವುದು ಬೇಸರದ ಸಂಗತಿ. ಹೆಚ್ಚಿನ ಸಲ ಅದು ರಿಪೇರಿಯಾಗುತ್ತದೆ.

ಟ್ರಕ್ಕಿನ ಗಾಳಿ ಟ್ಯಾಂಕಿನಲ್ಲಿ ಒತ್ತಡ ಸಾಕಷ್ಟಿದೆಯೇ ನೋಡಿ, ಬಟನ್ ಒತ್ತಿಸಿ ಸೊಲೆನಾಯ್ಡ್ ವಾಲ್ವಿನ (ಹಾರ್ನಿಗೆ ಗಾಳಿ ಬಿಡುವ ವಿದ್ಯುತ್ ಕವಾಟದ) ಬಳಿ ಕಿವಿಗೊಡಿ. ‘ಟಕ್’ ಎನ್ನದಿದ್ದರೆ ದೋಷ ಹೆಚ್ಚಾಗಿ ವಿದ್ಯುತ್ತಿನದು: ಫ್ಯೂಸ್, ತುಕ್ಕು ಹಿಡಿದ ಅರ್ತ್, ಸ್ಟೀರಿಂಗ್ ಕಾಲಮ್ಮಿನೊಳಗಿನ ಸವೆದ ಸಂಪರ್ಕ. ಅಮೆರಿಕದ ಎಂ35ನಂಥ ಟ್ರಕ್ಕುಗಳದ್ದು 24 ವೋಲ್ಟ್; ವಾಲ್ವಿಗೆ 12 ವೋಲ್ಟಿನ ಕಾಯಿಲ್ (ತಂತಿಯ ಸುರುಳಿ) ಹಾಕಿದರೆ ಸುಟ್ಟುಹೋಗುತ್ತದೆ.

ವಾಲ್ವ್ ತೆರೆದು ಗಾಳಿ ಬುಸುಗುಟ್ಟಿದರೂ ಸ್ವರ ಬಾರದಿದ್ದರೆ ಡಯಾಫ್ರಾಮ್, ಅಂದರೆ ಕಂಪಿಸಿ ಸ್ವರ ಹೊರಡಿಸುವ ತೆಳು ತಟ್ಟೆ, ಅಂಟಿಕೊಂಡಿದೆ ಅಥವಾ ಬಿರುಕುಬಿಟ್ಟಿದೆ. ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಟ್ಯಾಂಕಿನ ಗಾಳಿಯನ್ನು ಪೂರ್ತಿ ಖಾಲಿ ಮಾಡಿಯೇ ಹಾರ್ನಿನ ಹಿಂಬದಿಯ ಮುಚ್ಚಳ ಬಿಚ್ಚಬೇಕು. ತಟ್ಟೆಯನ್ನು ಬಗ್ಗಿಸದೆ ಎತ್ತಿ, ಅದು ಕೂರುವ ಅಂಚಿನ ತುಕ್ಕನ್ನು ನಯವಾದ ಎಮರಿ ಕಾಗದದಿಂದ ತೆಗೆಯಿರಿ. ಗ್ರೀಸ್ ಬೇಡ, ಧೂಳು ಅಂಟಿ ಮತ್ತೆ ಮೂಕವಾಗುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ, ಒಂದೇ ಬದಿ ಬಿಗಿಯಾದರೆ ಸ್ವರ ಒಡೆಯುತ್ತದೆ.

ಬಟನ್ ಬಿಟ್ಟರೂ ಹಾರ್ನ್ ಕೂಗುತ್ತಿದ್ದರೆ ವಾಲ್ವಿನ ಸೀಟಿನಲ್ಲಿ ಕಸವಿರಬಹುದು, ಇಲ್ಲವೇ ಬಟನ್ನಿನ ತಂತಿ ಎಲ್ಲೋ ಟ್ರಕ್ಕಿನ ಲೋಹದ ಮೈಗೆ ತಾಗಿರಬಹುದು. ಇಷ್ಟಕ್ಕೂ ತುಕ್ಕಿನ ಮೂಲ ಟ್ಯಾಂಕಿನಲ್ಲಿ ಸೇರುವ ನೀರು. ಓಡಿಸಿದ ಪ್ರತಿ ದಿನವೂ ಟ್ಯಾಂಕಿನ ಡ್ರೇನ್ ಕಾಕ್ (ನೀರು ಬಿಡುವ ನಲ್ಲಿ) ತೆರೆದು ಅದನ್ನು ಹೊರಬಿಡಿ.

— ಹಳೆಯ ವಾಹನಗಳ ದುರಸ್ತಿಗಾರರು